ಬಿಲ್ಲೆಯ ಸುತ್ತ ಬಯಲು

ಇನ್‌ಕ್ಯುಬೇಟರಿನ ಹಿಡಿಯ ಮೇಲೆ ಕೈಯಿಟ್ಟುಕೊಂಡು ಅವಳು ನಿಂತೇ ಇದ್ದಳು. ಒಳಗೆ, ಎರಡನೆಯ ಅಂತಸ್ತಿನಲ್ಲಿ, ಅಣ್ಣನ ಪ್ಲೇಟು ಇತ್ತು. ಅಣ್ಣನ ಕಾಲಿನ ಮೂಳೆಯಿಂದ ತೆಗೆದ ಕೀವಿನಲ್ಲಿ ಸಿಕ್ಕ ರೋಗಾಣುವನ್ನು ನಿನ್ನೆ ಮಧ್ಯಾಹ್ನ ತಾನೇ ಹತ್ತಿಯ ಕಡ್ಡಿಯಿಂದ ಅದರ ಮೇಲೆಲ್ಲ ಸವರಿ, ಆರು ಔಷಧಿಗಳ ಆರು ಪುಟ್ಟ ಬಿಲ್ಲೆಗಳನ್ನಿಟ್ಟು, ಮುಚ್ಚಳ ಹಾಕಿ, ಮನುಷ್ಯನ ಮೈಯಷ್ಟೇ ಬೆಚ್ಚಗಿರುವ ಈ ಪೆಟ್ಟಿಗೆಯೊಳಗೆ ಬೆಳೆಯಲು ಬಿಟ್ಟಿದ್ದಳು. ಹನ್ನೊಂದು ಗಂಟೆಗೆ ಮೂಳೆ ಡಾಕ್ಟರಿಗೆ ಉತ್ತರ ಬೇಕು. ಒಂದಾದರೂ ಔಷಧಿ ಹಿಡಿದರೆ ಕಾಲು ಉಳಿಸಲು ನೋಡುತ್ತೇನೆ, ಇಲ್ಲದಿದ್ದರೆ ಮಾರನೆಯ ಬೆಳಿಗ್ಗೆ ಮೊಣಕಾಲಿನ ಮೇಲಕ್ಕೆ ಕತ್ತರಿಸಿ ತೆಗೆಯುವುದೇ, ಸೋಂಕು ಮೇಲೇರುತ್ತಿದೆ ಎಂದು ಅವರು ನಿನ್ನೆ ನಿಂತ ನಿಲುವಿನಲ್ಲೇ ಹೇಳಿ ಹೋಗಿದ್ದರು. ಇಪ್ಪತ್ತಾರು ವರ್ಷಗಳಿಂದ ಅವಳಿಗೊಂದು ಅಭ್ಯಾಸ. ಈ ಬಾಗಿಲು ತೆಗೆಯುವ ಮುಂಚೆ ಅರೆ ನಿಮಿಷ ಕಣ್ಣು ಮುಚ್ಚುತ್ತಿದ್ದಳು. ಯಾರ ಪ್ಲೇಟೇ ಇರಲಿ, ಹೆಸರು ಗೊತ್ತಿರಲಿ ಬಿಡಲಿ, ಇವರಿಗೊಂದು ದಾರಿ ತೋರಿಸಪ್ಪ ಎಂದು ಕೇಳಿಕೊಳ್ಳುತ್ತಿದ್ದಳು. ಜೊತೆಯವರು ಪಾಪ, ಮನೆಯಲ್ಲಿ ನಿದ್ದೆ ಸಾಲದು ಅಂದುಕೊಂಡಿದ್ದರು. ಅವಳೂ ಹಾಗೆಯೇ ಬಿಟ್ಟಿದ್ದಳು. ಪ್ರಯೋಗಾಲಯದ ನಟ್ಟನಡುವೆ ನಿಂತು ದೇವರ ಜೊತೆ ಮಾತಾಡುತ್ತಿದ್ದೆ ಅನ್ನುವುದಕ್ಕಿಂತ ನಿದ್ದೆಗೆಟ್ಟವಳು ಅನ್ನಿಸಿಕೊಳ್ಳುವುದೇ ಮೇಲಲ್ಲವೆ. ಇವತ್ತು ಮಾತ್ರ ಕಣ್ಣು ಮುಚ್ಚಲು ಮನಸ್ಸು ಬರಲಿಲ್ಲ. ಬೇಡಿಕೊಳ್ಳಲು ಮುಖವೇ ಇರಲಿಲ್ಲ.

ಐದು ದಿನದ ಹಿಂದೆ ಇದೇ ಹಿಡಿಯ ಮೇಲೆ ಕೈಯಿಟ್ಟು ಅರೆ ನಿಮಿಷವಲ್ಲ, ಮೂರು ನಾಲ್ಕು ನಿಮಿಷ ಬೇಡಿಕೊಂಡಿದ್ದಳು. ಅದಕ್ಕೂ ಕೆಲವು ವಾರ ಮೊದಲು, ಅಣ್ಣ ತಾನು ಓಡಿಸುವ ಬಸ್ಸಿನ ಟೈರು ಬದಲಿಸುವಾಗ ಜಾಕು ಜಾರಿ ಭಾರವೆಲ್ಲ ಅವನ ಬಲಗಾಲಿನ ಮೇಲೆ ಬಿದ್ದಿತ್ತು. ಮೂಳೆ ಕೂಡಿಸಿ ಲೋಹದ ಪಟ್ಟಿ ಹಾಕಿದ್ದರು. ಪಟ್ಟಿಯ ಕೆಳಗೆ ಕೀವಾಯಿತು. ಆ ದಿನ ಬಾಗಿಲು ತೆಗೆದು ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಮೊದಲ ಬಿಲ್ಲೆಯ ಸುತ್ತ ಗುಂಡಗೆ, ಅಗಲವಾಗಿ ಬಯಲಾಗಿತ್ತು. ಔಷಧಿ ನಾಟಿದರೆ ಹಾಗಾಗುತ್ತದೆ. ಪ್ಲೇಟಿನ ತುಂಬ ಬೂದುಬಣ್ಣಕ್ಕೆ ಹಬ್ಬಿಕೊಳ್ಳುವ ರೋಗಾಣು ಆ ಬಿಲ್ಲೆಯ ಹತ್ತಿರ ಸುಳಿಯಲಾರದೆ ಸತ್ತು, ಬಿಲ್ಲೆಯ ಸುತ್ತ ಉಂಗುರದಂಥ ಖಾಲಿ ಜಾಗ ಉಳಿಯುತ್ತದೆ. ಸ್ಕೇಲಿಟ್ಟು ಅಳೆದಳು. ಇಪ್ಪತ್ತೆರಡು ಮಿಲಿಮೀಟರು. ಕಣ್ಣು ತುಂಬಿ ಬಂತು. ಕೇಳಿಸಿಕೊಂಡನಲ್ಲಪ್ಪ ಅಂದುಕೊಂಡಳು. ಆಮೇಲೆ, ಸ್ಕೇಲು ತೆಗೆಯುವಾಗ, ಆ ಬಯಲಿನೊಳಗೆ ಮೂರು ಚುಕ್ಕೆ ಕಂಡವು. ಸೂಜಿಮೊನೆಯಷ್ಟು. ಎರಡು ಒತ್ತಟ್ಟಿಗೆ, ಒಂದು ಸ್ವಲ್ಪ ದೂರದಲ್ಲಿ.

ಬಯಲಿನೊಳಗೆ ಚುಕ್ಕೆ ಕಂಡರೆ ಏನು ಮಾಡಬೇಕೆಂದು ಈ ಕೆಲಸ ಮಾಡುವ ಯಾರನ್ನು ಕೇಳಿದರೂ ಹೇಳುತ್ತಾರೆ. ಆ ಚುಕ್ಕೆಯನ್ನು ತಂತಿಯ ತುದಿಯಿಂದ ಎತ್ತಿ, ಬೇರೆ ಬೆಳೆಸಿ, ಅದರ ಮೇಲೆ ಮತ್ತೆ ಔಷಧಿಗಳನ್ನಿಟ್ಟು ನೋಡಬೇಕು. ಅಲ್ಲಿಯವರೆಗೆ ಆ ಔಷಧಿ ಹಿಡಿಯುತ್ತದೆ ಎಂದು ಬರೆಯಕೂಡದು. ತರಬೇತಿಗೆ ಬರುವ ಹುಡುಗಿಯರಿಗೆ ವರ್ಷವರ್ಷವೂ ಇದನ್ನು ಹೇಳಿಕೊಡುತ್ತಿದ್ದವಳೇ ಅವಳು. ಕೋಟಿಗಟ್ಟಲೆ ಸತ್ತ ಜಾಗದಲ್ಲಿ ಒಂದೆರಡು ಬದುಕಿವೆ ಅಂದರೆ ಅವು ಬೇರೆಯವು ಕಣ್ರಮ್ಮ, ನಾಳೆ ಪ್ಲೇಟು ಪೂರ್ತಿ ಅವುಗಳ ಮಕ್ಕಳೇ, ವಿಕಾಸ ಅಂದರೆ ಪುಸ್ತಕದಲ್ಲಿರುವ ಕೋತಿಯ ಚಿತ್ರ ಅಂದುಕೊಂಡಿರೇನು, ಇಲ್ಲೇ ನಿಮ್ಮ ಮೂಗಿನ ಕೆಳಗೇ ನಡೆಯುತ್ತಿರುತ್ತದೆ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿ ಎಂದು ಅವಳು ಹೇಳಿದರೆ ಹುಡುಗಿಯರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಅಂಥವಳು ಆ ದಿನ ಮೂರು ಚುಕ್ಕೆಯನ್ನು ನೋಡಿ, ಧೂಳಿರಬೇಕು ಅಂದುಕೊಂಡಳು. ಧೂಳಲ್ಲ ಎಂದು ಅಂದುಕೊಳ್ಳುವಾಗಲೇ ಗೊತ್ತಿತ್ತು. ಮತ್ತೆ ಬೆಳೆಸುವುದೆಂದರೆ ಇನ್ನೊಂದು ದಿನ ಹೋಗುತ್ತದೆ, ಔಷಧಿ ಇವತ್ತೇ ಶುರುವಾಗಲಿ ಎಂಬ ಸಮಾಧಾನವೂ ಜೊತೆಗೆ ಬಂತು. ಆದರೆ ನಿಜವಾದ ಕಾರಣ ಅದೂ ಅಲ್ಲ. ಕೇಳಿದ್ದನ್ನು ಕೊಟ್ಟವನ ಕೈಯನ್ನು ಹೊರಳಿಸಿ ನೋಡುವುದು ಕೃತಘ್ನತೆ ಅನ್ನಿಸಿತ್ತು. ವರದಿಯಲ್ಲಿ ಮೊದಲ ಔಷಧಿಯ ಮುಂದೆ ಹಿಡಿಯುತ್ತದೆ ಎಂದು ಬರೆದು ಕೆಳಗೆ ಸಹಿ ಹಾಕಿದಳು.

ಬಾಗಿಲು ತೆಗೆದಳು. ಬೆಚ್ಚನೆಯ, ಹಳಸಿದ ಗಾಳಿ ಮುಖಕ್ಕೆ ಬಡಿಯಿತು. ಪ್ಲೇಟನ್ನು ಬೆಳಕಿಗೆ ಹಿಡಿಯುವ ಅಗತ್ಯವೂ ಇರಲಿಲ್ಲ. ಮೊದಲ ಬಿಲ್ಲೆಯ ಬುಡದವರೆಗೂ ಬೂದುಬಣ್ಣ ಒತ್ತೊತ್ತಾಗಿ ಬಂದು ನಿಂತಿತ್ತು. ಎರಡನೆಯದು, ಮೂರನೆಯದು, ನಾಲ್ಕನೆಯದು, ಐದನೆಯದು ಎಲ್ಲವೂ ಹಾಗೆಯೇ. ಆರನೆಯ ಬಿಲ್ಲೆಯ ಸುತ್ತ ಮಾತ್ರ ಬಯಲಿತ್ತು. ಅದು ಮೂತ್ರಪಿಂಡ ಕೆಡಿಸುವ ಔಷಧಿ. ಅಣ್ಣನ ಮೂತ್ರಪಿಂಡ ಮೂರು ದಿನದ ಹಿಂದಿನಿಂದಲೇ ಸೋಲುತ್ತಿದೆ, ಅದನ್ನು ಕೊಟ್ಟರೆ ಕಾಲಿನ ಬದಲು ಮನುಷ್ಯನೇ ಹೋಗುತ್ತಾನೆ. ಅವಳು ಪಕ್ಕದ ಸ್ಟೂಲಿನ ಮೇಲೆ ಕುಳಿತು, ಯಾಕೆ ಎಂದು ಗೊತ್ತಿಲ್ಲದೆ, ಬೇರೆ ಯಾರದೋ ಪ್ಲೇಟುಗಳನ್ನು ತೆಗೆದು ಒಂದೊಂದಾಗಿ ಓದಿ ಬರೆದಿಟ್ಟಳು. ಕೈ ತನ್ನ ಪಾಡಿಗೆ ಅಳೆಯುತ್ತಿತ್ತು. ಆ ಐದು ದಿನ ಸೂಜಿಯ ಮೂಲಕ ಅಣ್ಣನ ಮೈಗೆ ಇಳಿದ ಔಷಧಿ ಮಿಕ್ಕವನ್ನೆಲ್ಲ ಕೊಂದು ಆ ಮೂರರ ಸಂತಾನಕ್ಕೆ ಜಾಗ ಮಾಡಿಕೊಟ್ಟಿತ್ತು. ಕಳೆ ಬಿಟ್ಟು ಪೈರು ಕಿತ್ತ ಹಾಗೆ. ಅವುಗಳಿಗೂ ಒಬ್ಬ ದೇವರಿದ್ದರೆ ಆ ದಿನ ಅವನು ಅವುಗಳ ಮೊರೆಯನ್ನೇ ಕೇಳಿಸಿಕೊಂಡಿರಬೇಕು. ಎರಡು ಒತ್ತಟ್ಟಿಗೆ, ಒಂದು ಸ್ವಲ್ಪ ದೂರದಲ್ಲಿ, ಆ ಬಯಲಿನಲ್ಲಿ ಒಬ್ಬಂಟಿಯಾಗಿ.

ಅವಳು ಕಾಲೇಜಿಗೆ ಹೋಗುತ್ತಿದ್ದಾಗ ಒಮ್ಮೆ, ನಿಮ್ಮ ಪುಸ್ತಕದಲ್ಲಿ ನಮ್ಮ ಮುತ್ತಜ್ಜನ ಫೋಟೋ ಹಾಕಿದಾರೆ ನೋಡು ಅಂದಿದ್ದ ಅಣ್ಣ. ಅಪ್ಪ ಹೋದ ಮೇಲೆ ಓದು ಬಿಟ್ಟು ಬಸ್ಸು ಹತ್ತಿದವನು, ಎರಡು ಪಾಳಿ ಓಡಿಸಿ ಅವಳನ್ನು ಓದಿಸಿದವನು. ಖಾಕಿ ಅಂಗಿ ಬಿಚ್ಚಿ ಗೂಟಕ್ಕೆ ಹಾಕುತ್ತ, ಅವಳ ಹೆಗಲ ಮೇಲಿಂದ ಬಗ್ಗಿ ಆ ಕೋತಿಯ ಚಿತ್ರ ನೋಡಿ ಮನೆಯೆಲ್ಲ ಕೇಳುವಂತೆ ನಕ್ಕಿದ್ದ. ಆಮೇಲೆ ನಗು ನಿಲ್ಲಿಸಿ, "ದೇವರು ಒಂದೊಂದನ್ನೂ ಕೈಯಾರೆ ಮಾಡಿದಾನೆ. ಇದನ್ನ ಪರೀಕ್ಷೆಗೆ ಬರಿ, ಬೇಡ ಅನ್ನಲ್ಲ. ನಂಬಬೇಡ," ಅಂದ. ಅವಳು ಹೂಂ ಅಂದಳು. ಅವನ ಬೆವರಿನ ಅನ್ನ ಉಂಡು ಅವನಿಗೆ ಹೇಳಿದ ಮೊದಲ ಸುಳ್ಳು ಅದು. ಪರೀಕ್ಷೆಗೂ ಬರೆದಳು, ನಂಬಿದಳು ಕೂಡ. ಆದರೆ ದೇವರನ್ನು ಬಿಡಲಾಗಲಿಲ್ಲ. ಬಹಳ ವರ್ಷ ಒದ್ದಾಡಿ ಅವಳೇ ಒಂದು ರಾಜಿ ಮಾಡಿಕೊಂಡಿದ್ದಳು. ದೇವರು ಜೀವಿಗಳನ್ನು ಮಾಡಲಿಲ್ಲ, ಜೀವಿಗಳು ಆಗುವ ನಿಯಮವನ್ನು ಮಾಡಿದ. ಬೀಜ ಅವನದು, ಬೆಳೆದದ್ದು ಅದರ ಪಾಡಿಗೆ. ಎಷ್ಟು ಚೆನ್ನಾಗಿತ್ತು ಅದು. ಪ್ರಯೋಗಾಲಯಕ್ಕೂ ಮುಜುಗರವಿಲ್ಲ, ಮನೆಗೂ ಇಲ್ಲ. ಒಬ್ಬ ತರಬೇತಿಯ ಹುಡುಗಿ ಅಳು ಮುಖ ಮಾಡಿಕೊಂಡು ಇದೇ ಪ್ರಶ್ನೆ ಕೇಳಿದಾಗ ಅವಳಿಗೂ ಅದನ್ನೇ ಹೇಳಿ, ದೊಡ್ಡ ಸಮಾಧಾನ ಕೊಟ್ಟವಳಂತೆ ಬೆನ್ನು ತಟ್ಟಿ ಕಳಿಸಿದ್ದಳು. ಈಗ ಸ್ಟೂಲಿನ ಮೇಲೆ ಕುಳಿತು ನೋಡಿದರೆ ಅದೆಲ್ಲ ಬಾಯಿಮಾತು. ನಿಯಮ ಮಾಡಿದವನು ಎಂದು ಒಪ್ಪಿಕೊಂಡವಳು ದಿನ ಬೆಳಗಾದರೆ ಈ ಹಿಡಿಯ ಮೇಲೆ ಕೈಯಿಟ್ಟು ಅವನನ್ನು ಕೇಳುತ್ತಿದ್ದುದೇನು? ಇದೊಂದು ಪ್ಲೇಟಿಗೆ ನಿಯಮ ಬಿಡು ಎಂದು.

ಪ್ರಯೋಗಾಲಯದ ಮುಖ್ಯಸ್ಥರ ಕೋಣೆಯಲ್ಲಿ ಫ್ಯಾನು ಟಕಟಕ ಅನ್ನುತ್ತಿತ್ತು. ಅವರು ಪ್ಲೇಟನ್ನು ನೋಡಿ, ಮುಚ್ಚಳ ಹಾಕಿ, ಮೂಳೆ ಡಾಕ್ಟರಿಗೆ ತಾವೇ ಫೋನು ಮಾಡಿ ಎರಡು ಮಾತಿನಲ್ಲಿ ಹೇಳಿದರು. ಆ ಕಡೆಯಿಂದಲೂ ಎರಡೇ ಮಾತು ಬಂತು. ನಾಳೆ ಬೆಳಿಗ್ಗೆ ಏಳೂವರೆ. ಫೋನು ಇಟ್ಟು ಅವರು ಅವಳಿಗೆ ಕುರ್ಚಿ ತೋರಿಸಿದರು.

"ಐದು ದಿನದ ಹಿಂದೆ ಚೆನ್ನಾಗೇ ಇತ್ತಲ್ಲ. ಮಧ್ಯೆ ಬದಲಾಗಿದೆ. ಆಗತ್ತೆ. ಈ ಜಾತಿಯೇ ಹಾಗೆ, ದಿನಕ್ಕೊಂದು ವೇಷ ಹಾಕತ್ತೆ."

"ಮಧ್ಯೆ ಬದಲಾಗಿದ್ದಲ್ಲ ಸರ್. ಆವತ್ತೇ ಬಯಲಿನೊಳಗೆ ಮೂರು ಚುಕ್ಕೆ ಇದ್ವು."

"ಧೂಳಿರಬಹುದು."

"ಧೂಳಲ್ಲ ಸರ್. ನಾನು ನೋಡಿದೆ."

ಅವರು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. "ಆ ಪ್ಲೇಟು ಇದೆಯಾ?"

"ಇಲ್ಲ. ರೋಗಾಣು ಸಾಯೋ ಹಾಗೆ ಬೇಯಿಸಿ ಎಸೆದಾಯ್ತು."

"ಮತ್ತೆ? ಧೂಳೋ ಅಲ್ವೋ ಅಂತ ಇನ್ನು ಯಾರು ಹೇಳಕ್ಕಾಗತ್ತೆ?" ಅವರು ದನಿ ತಗ್ಗಿಸಿದರು. "ನೋಡಿ, ಇಪ್ಪತ್ತು ನಿಮಿಷಕ್ಕೊಂದು ತಲೆಮಾರು ಅವಕ್ಕೆ. ಐದು ದಿನ ಅಂದ್ರೆ ಮುನ್ನೂರು ಚಿಲ್ಲರೆ ತಲೆಮಾರು. ಅಷ್ಟರಲ್ಲಿ ಏನು ಬೇಕಾದ್ರೂ ಆಗಬಹುದು. ವಿಕಾಸದ ಪಾಠ ನಾನು ನಿಮಗೆ ಹೇಳಬೇಕಾ? ತಪ್ಪು ಯಾರದ್ದೂ ಅಲ್ಲ. ನೀವೇನೂ ನನಗೆ ಹೇಳಲಿಲ್ಲ, ನಾನೇನೂ ಕೇಳಲಿಲ್ಲ. ನಾಲ್ಕು ದಿನ ರಜೆ ಹಾಕಿ, ಅಣ್ಣನ ಹತ್ತಿರ ಇರಿ."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಅದಕ್ಕೇ ಅವಳಿಗೆ ಹೆಚ್ಚು ನಾಚಿಕೆಯಾಯಿತು. ಎದುರು ಮಾತಾಡಲು ಬಾಯಿ ತೆರೆದವಳು, ಆಗಲಿ ಸರ್ ಅಂದುಬಿಟ್ಟಳು. ಅಂದದ್ದೇ ಎದ್ದಳು. ಏಳುವಾಗ ಕುರ್ಚಿಯ ಕಾಲಿಗೆ ಸೀರೆಯ ಅಂಚು ಸಿಕ್ಕಿಕೊಂಡು ಬಗ್ಗಿ ಬಿಡಿಸಿಕೊಳ್ಳಬೇಕಾಯಿತು, ಅದು ನಮಸ್ಕಾರ ಎಂದುಕೊಂಡು ಅವರೂ ಅರ್ಧ ಎದ್ದರು.

ಪ್ರಯೋಗಾಲಯದಿಂದ ವಾರ್ಡಿಗೆ ಹೋಗುವ ಕಾರಿಡಾರಿನಲ್ಲಿ ಆಗ ತಾನೇ ನೆಲ ಒರೆಸಿದ್ದರು. ಗೋಡೆಯ ಬದಿ ಹಿಡಿದು ಹೋಗಿ ಅಂದ ಒರೆಸುವವಳಿಗೆ ಹೂಂ ಅಂದು ನಡುವೆಯೇ ನಡೆದಳು. ಮಧ್ಯೆ ಬದಲಾಗಿದೆ. ಎಷ್ಟು ಸಲೀಸಾದ ಮಾತು. ಅದು ಸುಳ್ಳಾದರೂ ಸುಳ್ಳಲ್ಲ. ಎಲ್ಲೆಲ್ಲೂ ನಿಜ, ಅವಳ ಪ್ಲೇಟಿನ ವಿಷಯದಲ್ಲಿ ಮಾತ್ರ ಸುಳ್ಳು. ವಾರ್ಡಿನ ಹೊರಗೆ ಬೆಂಚಿನ ಮೇಲೆ ಅತ್ತಿಗೆ ಒಗೆದ ಹೊದಿಕೆಯನ್ನು ತೊಡೆಯ ಮೇಲೆ ಹರಡಿಕೊಂಡು ಮಡಿಸುತ್ತಿದ್ದಳು. ಕಣ್ಣು ಕೆಂಪಗಾಗಿದ್ದವು, ಅಳು ಮುಗಿದಿತ್ತು.

"ಡಾಕ್ಟ್ರು ಬಂದು ಹೇಳಿ ಹೋದ್ರು," ಅಂದಳು. "ನಿಮ್ಮಣ್ಣನಿಗೂ ನೇರವಾಗೇ ಹೇಳಿದ್ರು. ಹೂಂ ಅಂದ್ರು ಅಷ್ಟೆ."

"ಅತ್ತಿಗೆ, ನಾನು ಆವತ್ತು..."

"ನೀನೇನು ಮಾಡಕ್ಕಾಗತ್ತೆ ಬಿಡು." ಅತ್ತಿಗೆ ಅವಳ ಮಣಿಕಟ್ಟು ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. "ಹಗಲೂ ರಾತ್ರಿ ಒದ್ದಾಡಿದ್ದೀಯ, ನಾನು ನೋಡಿಲ್ವಾ? ನಮ್ಮ ಕೈಯಲ್ಲಿ ಏನಿದೆ ಹೇಳು. ಎಲ್ಲ ಅವನು ಬರೆದಿಟ್ಟದ್ದು. ಕಾಲು ತಗೊಂಡು ಜೀವ ಉಳಿಸ್ತಾ ಇದ್ದಾನಲ್ಲ, ಅದೇ ದೊಡ್ಡದು. ಮುಖ ನೋಡು ಹೇಗಾಗಿದೆ. ಏನಾದ್ರೂ ತಿಂದ್ಯಾ?"

ತಿಂದೆ ಎಂದು ಸುಳ್ಳು ಹೇಳಿದಳು. ಅತ್ತಿಗೆಯ ಬೆಚ್ಚನೆಯ ಕೈ ಮಣಿಕಟ್ಟಿನ ಮೇಲೇ ಇತ್ತು. ಆ ಕೈ ತೆಗೆದರೆ ಸಾಕು, ಬೈದರೆ ಸಾಕು ಅನ್ನಿಸಿತು. ಇಷ್ಟು ವರ್ಷ ದೇವರಿಗೂ ವಿಕಾಸಕ್ಕೂ ಹೇಗೆ ಹೊಂದಿಸಲಿ ಎಂದು ಅವಳು ತಲೆ ಕೆಡಿಸಿಕೊಂಡಿದ್ದಳಲ್ಲ, ಇವತ್ತು ಅರ್ಧ ಗಂಟೆಯೊಳಗೆ ಎರಡೂ ಎಷ್ಟು ಚೆನ್ನಾಗಿ ಹೊಂದಿಕೊಂಡುಬಿಟ್ಟವು. ಅಲ್ಲಿ ಮುಖ್ಯಸ್ಥರು, ಇಲ್ಲಿ ಅತ್ತಿಗೆ. ತಪ್ಪು ನಿನ್ನದಲ್ಲ ಎಂದು ಇಬ್ಬರೂ ಒಂದೇ ಬಾಯಲ್ಲಿ ಹೇಳುತ್ತಿದ್ದರು. ಅವರ ಮುನ್ನೂರು ತಲೆಮಾರಿನಲ್ಲಿ ಅವಳಿಗೆ ಜಾಗವಿರಲಿಲ್ಲ, ಅತ್ತಿಗೆಯ ದೇವರ ಬರವಣಿಗೆಯಲ್ಲೂ ಇರಲಿಲ್ಲ. ಪ್ಲೇಟು ಹಿಡಿದುಕೊಂಡು ಕಿಟಕಿಯ ಹತ್ತಿರ ನಿಂತು, ನೋಡಿ, ನೋಡಿದ್ದನ್ನು ನುಂಗಿದ ಒಬ್ಬ ಹೆಂಗಸು ಎಲ್ಲೂ ಇರಲೇ ಇಲ್ಲ. ಇದನ್ನು ಒಪ್ಪಿಕೊಂಡುಬಿಟ್ಟರೆ ನಾಳೆಯಿಂದ ಅಣ್ಣನ ಮುಖ ನೋಡಬಹುದು, ಅವನ ಊರುಗೋಲಿಗೆ ರಬ್ಬರು ಹಾಕಿಸಬಹುದು, ಒಳ್ಳೆಯ ತಂಗಿ ಅನ್ನಿಸಿಕೊಂಡು ಸಾಯಬಹುದು. ಅವಳಿಗೆ ಭಯವಾಯಿತು. ಎದ್ದು ಒಳಗೆ ಹೋದಳು.

ಅಣ್ಣ ದಿಂಬಿಗೆ ತಲೆಯಿಟ್ಟು ಚಾವಣಿ ನೋಡುತ್ತ ಮಲಗಿದ್ದ. ಜ್ವರಕ್ಕೆ ಕೆನ್ನೆಯ ಬಿಳಿ ಗಡ್ಡ ಒದ್ದೆಯಾಗಿತ್ತು. ಅವಳ ಚಪ್ಪಲಿಯ ಸದ್ದಿಗೇ ಗುರುತು ಹಿಡಿದ.

"ಬಾ ಡಾಕ್ಟ್ರಮ್ಮ. ಕೇಳಿದ್ಯಾ? ಇನ್ಮೇಲೆ ನನಗೆ ಅರ್ಧ ಟಿಕೆಟ್ ಅಂತೆ."

ಅವಳು ನಗಲಿಲ್ಲ. ಸ್ಟೂಲು ಎಳೆದುಕೊಂಡು ಕೂತಳು. ಕೂತ ಮೇಲೆ ಎಲ್ಲಿಂದ ಶುರು ಮಾಡುವುದೆಂದು ಗೊತ್ತಾಗಲಿಲ್ಲ. ಬಿಲ್ಲೆ, ಬಯಲು, ಚುಕ್ಕೆ ಅಂತ ಶುರು ಮಾಡಿದಳು, ಹುಡುಗಿಯರಿಗೆ ಪಾಠ ಹೇಳುವ ದನಿಯೇ ಬಂದುಬಿಟ್ಟು ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆದರೂ ನಿಲ್ಲಿಸಲಿಲ್ಲ. ಚುಕ್ಕೆ ಕಂಡರೆ ಏನು ಮಾಡಬೇಕಿತ್ತು, ತಾನು ಏನು ಮಾಡಿದೆ, ಆವತ್ತೇ ಹೇಳಿದ್ದರೆ ಔಷಧಿ ಬದಲಾಗುತ್ತಿತ್ತು, ಮೂತ್ರಪಿಂಡ ಆಗ ಚೆನ್ನಾಗಿತ್ತು, ಕಾಲು ಉಳಿಯುತ್ತಿತ್ತೋ ಇಲ್ಲವೋ, ಉಳಿಯುತ್ತಿತ್ತು ಅನ್ನಿಸುತ್ತದೆ ಎಂದು ಎಲ್ಲವನ್ನೂ ಹೇಳಿದಳು. ಅಣ್ಣ ಚಾವಣಿಯಿಂದ ಕಣ್ಣು ತೆಗೆಯಲಿಲ್ಲ.

"ಮೂರು ಇತ್ತಾ?" ಅಂದ ಕೊನೆಗೆ.

"ಮೂರು."

"ಕಣ್ಣಿಗೆ ಕಾಣೋ ಹಾಗೆ?"

"ಕಾಣೋ ಹಾಗೆ."

"ನೀನು ನೋಡಿದೆ."

"ನೋಡಿದೆ ಅಣ್ಣ."

"ಮತ್ತೆ?"

ಪಕ್ಕದ ಮಂಚದ ಮುದುಕ ಕೆಮ್ಮಿ ಮಗ್ಗುಲಾದ. ಅವಳು ಅವನು ಸುಮ್ಮನಾಗುವವರೆಗೆ ಕಾದಳು. "ಬಾಗಿಲು ತೆಗೆಯೋ ಮುಂಚೆ ಬೇಡಿಕೊಂಡಿದ್ದೆ," ಅಂದಳು. "ತೆಗೆದ್ರೆ ಬಯಲಾಗಿತ್ತು. ದೇವರು ಕೊಟ್ಟ ಅಂದ್ಕೊಂಡೆ. ಕೊಟ್ಟದ್ದರಲ್ಲಿ ಹುಳುಕು ಹುಡುಕೋದು ಬೇಡ ಅನ್ನಿಸ್ತು."

ಅಣ್ಣನ ದವಡೆ ಬಿಗಿಯುವುದು ಕಂಡಿತು. ನೀನು ಬೇಡಿಕೊಂಡೆಯಲ್ಲ, ಅಷ್ಟೇ ಸಾಕು ಅನ್ನುತ್ತಾನೇನೋ ಎಂದು ಅವಳು ಹೆದರಿದಳು. ದೇವರನ್ನು ನಂಬಿದವನು, ಅವಳಿಗಿಂತ ಗಟ್ಟಿಯಾಗಿ ನಂಬಿದವನು, ಎಷ್ಟು ಸುಲಭವಾಗಿ ಕ್ಷಮಿಸಿಬಿಡಬಹುದು.

"ಮೂವತ್ತೊಂದು ವರ್ಷ ಬಸ್ ಓಡಿಸಿದೀನಿ," ಅಂದ ಅಣ್ಣ. "ದಿನಾ ಬೇಡ್ಕೊಂಡೇ ಓಡಿಸಿದೀನಿ. ಆದರೆ ಬೇಡ್ಕೊಳ್ಳೋದು ಗಾಡಿ ಶುರು ಮಾಡೋ ಮುಂಚೆ. ಶುರುವಾದ ಮೇಲೆ ಒಂದು ದಿನ ಕಣ್ಣು ಮುಚ್ಚಿಲ್ಲ. ಹಿಂದೆ ಐವತ್ತು ಜನ ಕೂತಿರ್ತಾರೆ. ರಸ್ತೆಗೆ ಮಗು ಅಡ್ಡ ಬಂದ್ರೆ, ದೇವರಿದ್ದಾನೆ ಅಂತ ಬ್ರೇಕ್ ಒತ್ತದೆ ಇರ್ತಾರಾ?" ಉಸಿರು ಸಾಲದೆ ನಿಲ್ಲಿಸಿದ. "ಅವನು ತೋರಿಸಿದ್ದು ಆ ಮೂರನ್ನೇ ಇರಬಹುದು. ನಿನಗೆ ಬೇಕಾದ್ದು ನೀನು ನೋಡಿದೆ."

ಅವಳಿಗೆ ಯಾರೋ ಕೆನ್ನೆಗೆ ಬಾರಿಸಿದ ಹಾಗಾಯಿತು. ಅದೇ ಹೊತ್ತಿಗೆ, ಬೆಳಗಿನಿಂದ ಯಾರ ಮಾತಿನಲ್ಲೂ ತನಗೆ ಇಲ್ಲದಿದ್ದ ಜಾಗದಲ್ಲಿ ತಾನು ಬಂದು ಕೂತಿದ್ದೇನೆ ಅನ್ನಿಸಿತು. ಅಳು ಬಂತು. ತಡೆಯಲಿಲ್ಲ.

"ಬರೆದ್ಯಾ ಅದನ್ನ ನಿಮ್ಮ ಆಫೀಸಿನಲ್ಲಿ?"

"ಇಲ್ಲ. ಬೇಡ ಅಂದ್ರು. ಮಧ್ಯೆ ಬದಲಾಯ್ತು ಅಂತ ಇರಲಿ ಅಂದ್ರು."

"ಬರಿ. ಇವತ್ತೇ ಬರಿ. ನಾಳೆ ಇನ್ನೊಬ್ಬರ ಕಾಲು ಬರತ್ತೆ ಅಲ್ಲಿಗೆ." ಅವನು ಕಣ್ಣು ಮುಚ್ಚಿಕೊಂಡ. "ನನಗೆ ಸಿಟ್ಟು ಬಂದಿದೆ. ಎಷ್ಟು ದಿನ ಇರತ್ತೋ ಗೊತ್ತಿಲ್ಲ. ಇರಲಿ ಬಿಡು."

"ಇರಲಿ ಅಣ್ಣ."

ಹೊರಗೆ ಅತ್ತಿಗೆ ಯಾರಿಗೋ ಫೋನಿನಲ್ಲಿ ನಾಳೆ ಏಳೂವರೆಗಂತೆ ಎಂದು ಹೇಳುತ್ತಿರುವುದು ಕೇಳುತ್ತಿತ್ತು. ಹೋಗಲೋ ಇರಲೋ ತಿಳಿಯದೆ ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಾಗ ಅಣ್ಣ, "ಹೊದಿಕೆ ಸರಿಸು," ಅಂದ. ಅವಳಿಗೆ ಅರ್ಥವಾಗಲಿಲ್ಲ. "ಕಾಲಿನದು. ಸರಿಸು."

ಸರಿಸಿದಳು. ಮೊಣಕಾಲಿನಿಂದ ಹಿಮ್ಮಡಿಯ ಮೇಲಿನವರೆಗೆ ಬ್ಯಾಂಡೇಜು, ಅದರ ಮೇಲೆ ಹಳದಿ ಕಲೆ, ಆ ವಾಸನೆ. ಕೆಳಗೆ ಪಾದ ಬಾತಿತ್ತು, ಆದರೆ ಪಾದಕ್ಕೆ ಏನೂ ಆಗಿರಲಿಲ್ಲ. ಉಗುರು ಬೆಳೆದಿದ್ದವು. ಅಂಗಾಲಿನಲ್ಲಿ, ಹೆಬ್ಬೆರಳ ಬುಡದ ಹತ್ತಿರ, ಪೆಡಲು ಒತ್ತಿ ಒತ್ತಿ ಚರ್ಮ ಕಾಯಿಕಟ್ಟಿತ್ತು. ಆ ಹೆಬ್ಬೆರಳು ಒಂದು ಕಾಲಕ್ಕೆ ಕೈಯ ಹೆಬ್ಬೆರಳಿನಂತೆ ಆಚೆಗೆ ಚಾಚಿಕೊಂಡು ಕೊಂಬೆ ಹಿಡಿಯುತ್ತಿತ್ತು, ಎದ್ದು ನಡೆಯುವುದಕ್ಕಾಗಿ ಮಿಕ್ಕ ನಾಲ್ಕರ ಸಾಲಿಗೆ ಬಂದು ನಿಲ್ಲಲು ಅದಕ್ಕೆ ಎಷ್ಟೋ ಲಕ್ಷ ವರ್ಷ ಹಿಡಿಯಿತು ಎಂದು ಅವಳು ಓದಿದ್ದಳು. ಕೈಯಾರೆ ಮಾಡಿದ್ದು ಅನ್ನುತ್ತಾನೆ ಅಣ್ಣ. ಹೇಗೆ ಬಂದದ್ದಾದರೂ ಇರಲಿ, ನಾಳೆ ಏಳೂವರೆಯ ನಂತರ ಅದು ಇರುವುದಿಲ್ಲ.

"ನನಗೆ ತಲೆ ಎತ್ತಕ್ಕಾಗ್ತಿಲ್ಲ," ಅಂದ ಅಣ್ಣ. "ಹೆಬ್ಬೆರಳು ಅಲ್ಲಾಡಿಸ್ತಾ ಇದೀನಿ. ಅಲ್ಲಾಡತ್ತಾ?"

ಅವಳು ಬಗ್ಗಿದಳು.

"ಅಲ್ಲಾಡತ್ತೆ ಅಣ್ಣ."

"ಸಮಾಧಾನಕ್ಕೆ ಹೇಳಬೇಡ. ನೋಡಿ ಹೇಳು."

"ನೋಡೇ ಹೇಳ್ತಾ ಇದೀನಿ," ಅಂದಳು. "ಅಲ್ಲಾಡ್ತಾ ಇದೆ."